ಬೆಸುಗೆಯ ಕಾಗದ ಯಾರದು?

ಪರಳ–ಲಾಲ್‌ಬಾಗಿನ ಗಿರಣಿಗಳ ಭೋಂಗಾ ನಿಂತು ವರ್ಷಗಳೇ ಉರುಳಿದವು. 1982ರ ಮುಷ್ಕರದ ತರುವಾಯ ಒಂದೊಂದಾಗಿ ಬಾಗಿಲು ಮುಚ್ಚಿದ ಆ ಗಿರಣಿಗಳ ಬಾಯ್ಲರ್ ಮನೆಯಲ್ಲಿ ದುಡಿದ ನಮ್ಮವರ ಮಕ್ಕಳಲ್ಲಿ ಕೆಲವರು ಐ.ಟಿ.ಐ. ಮುಗಿಸಿ ವೆಲ್ಡರುಗಳಾಗಿದ್ದಾರೆ. ಕಂಪನಿಯ ಹಾಜರಿ ಪುಸ್ತಕದಲ್ಲಿ ಅವರ ಹೆಸರಿಲ್ಲ. ಗುತ್ತಿಗೆದಾರನ ಕೆಳಗಿನ ಉಪಗುತ್ತಿಗೆದಾರನ ಕೈಯಲ್ಲಿ ಅವರ ದುಡಿಮೆ. ಅವರನ್ನು ಕಾಡುವ ಒಂದು ಪ್ರಶ್ನೆಯನ್ನು ಈ ಸಲ ಎತ್ತಿಕೊಂಡಿದ್ದೇವೆ: ದೊಡ್ಡ ಕಂಪನಿಯ ಬೆಸುಗೆಯ ಕಾಗದವನ್ನು ಮುಂದಿಟ್ಟು ಉಪಗುತ್ತಿಗೆದಾರನು ಕೆಲಸ ಮಾಡಿಸಬಹುದೆ?

ಈ ಕಾಗದಕ್ಕೆ ಕಾರ್ಖಾನೆಯಲ್ಲಿ ಡಬ್ಲ್ಯು.ಪಿ.ಎಸ್. ಎನ್ನುತ್ತಾರೆ. ಯಾವ ಉಕ್ಕು, ಎಷ್ಟು ದಪ್ಪ, ಯಾವ ರಾಡು, ಎಷ್ಟು ಕರೆಂಟು, ಮೊದಲು ಎಷ್ಟು ಬಿಸಿ ಮಾಡಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಇದು ಬರೀ ಬರಹವಲ್ಲ. ಹಾಗೆ ಬೆಸೆದ ತಟ್ಟೆಯಿಂದ ತುಂಡು ಕೊಯ್ದು, ಎರಡನ್ನು ಎಳೆದು, ನಾಲ್ಕನ್ನು ಬಗ್ಗಿಸಿ, ಬಿರುಕು ಮಿತಿಯೊಳಗಿದ್ದರೆ ಮಾತ್ರ ಕಾಗದಕ್ಕೆ ಬೆಲೆ. ಆ ಪರೀಕ್ಷೆಯ ದಾಖಲೆಯೇ ಪಿ.ಕ್ಯು.ಆರ್. ಬಾಯ್ಲರು, ಒತ್ತಡದ ಪಾತ್ರೆಗಳ ಕೆಲಸದಲ್ಲಿ ನಮ್ಮ ದೇಶದಲ್ಲೂ ಬಳಕೆಯಲ್ಲಿರುವ ಅಮೆರಿಕದ ಎ.ಎಸ್.ಎಂ.ಇ. ಸಂಹಿತೆಯ 9ನೆಯ ಭಾಗ ಈ ಕ್ರಮವನ್ನು ವಿಧಿಸಿದೆ.

ಹೋಟೆಲಿನ ಬಂಧುಗಳಿಗೆ ಇದು ಬೇಗ ತಿಳಿದೀತು. ಒಬ್ಬನೇ ಮಾಲೀಕನ ಎರಡು ಶಾಖೆಗಳಲ್ಲಿ ಒಂದೇ ಸಾಂಬಾರಿನ ಅಳತೆ ನಡೆಯಬಹುದು. ಸಾಮಾನು ಒಂದೇ ಕಡೆಯಿಂದ ಬರುತ್ತದೆ, ಹೇಳುವವರು ಕೇಳುವವರು ಒಬ್ಬರೇ. ಅದೇ ಚೀಟಿಯನ್ನು ಬೇರೊಬ್ಬ ಕ್ಯಾಂಟೀನು ಗುತ್ತಿಗೆದಾರನಿಗೆ ಕೊಟ್ಟರೆ? ಗಿರಾಕಿಯ ಹೊಟ್ಟೆ ಕೆಟ್ಟ ದಿನ ಗಲ್ಲೆಯ ಮೇಲಿದ್ದವರು ಅಡಿಗೆ ಭಟ್ಟರ ಕಡೆಗೆ ಬೆರಳು ತೋರಿಸುತ್ತಾರೆ.

ಸಂಹಿತೆಯ ಮಾತೂ ಇದೇ. ಒಂದೇ ಗುಣನಿಯಂತ್ರಣ, ಒಂದೇ ಆಡಳಿತವಿರುವ ಶಾಖೆಗಳಲ್ಲಿ ಒಂದು ಕಾಗದ ಸಲ್ಲುತ್ತದೆ. ಹೆಸರು ಬೇರೆಯಾದ ಸೋದರ ಕಂಪನಿಗಳಾದರೆ, ಆ ನಿಯಂತ್ರಣ ಹೇಗೆ ನಡೆಯುತ್ತದೆಂದು ಅವುಗಳ ಗುಣನಿಯಂತ್ರಣ ವ್ಯವಸ್ಥೆಯಲ್ಲಿ ವಿವರಿಸಿರಬೇಕು. ಸ್ವತಂತ್ರನಾದ ಉಪಗುತ್ತಿಗೆದಾರನಾದರೋ ತನ್ನ ಕಾಗದವನ್ನು ತಾನೇ ಪರೀಕ್ಷಿಸಿಕೊಳ್ಳಬೇಕು. ತುಂಡು ಕೊಯ್ಯುವುದನ್ನೂ ಎಳೆದು ನೋಡುವುದನ್ನೂ ಹೊರಗೆ ಮಾಡಿಸಬಹುದು. ಪರೀಕ್ಷೆಯ ಬೆಸುಗೆ ಮಾತ್ರ ಅವನ ಕಣ್ಣೆದುರಿಗೇ, ಅವನ ಹೊಣೆಯಲ್ಲೇ ನಡೆಯಬೇಕು.

ಒಂದೇ ಪರೀಕ್ಷೆಗೆ ಹತ್ತು ಸಲ ಹಣ ಸುರಿಯುವುದೇಕೆ ಎಂದು ಗುತ್ತಿಗೆದಾರರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಅದಕ್ಕೆ ದಾರಿಯೂ ಇದೆ: ಅಮೆರಿಕದ ವೆಲ್ಡಿಂಗ್ ಸೊಸೈಟಿಯ ಕೆಲವು ಸಿದ್ಧ ಕ್ರಮಪತ್ರಗಳನ್ನು ಸಂಹಿತೆ ಒಪ್ಪುತ್ತದೆ. ಆದರೆ ಅಲ್ಲಿಯೂ ಬಳಸುವವನು ತನ್ನ ಸಹಿ ಹಾಕಬೇಕು, ತನ್ನಲ್ಲೊಂದು ಬೆಸುಗೆ ಮಾಡಿಸಿ ಪರೀಕ್ಷಿಸಿ ತೋರಿಸಬೇಕು. ಕಾಗದ ನಡೆದಲ್ಲೆಲ್ಲ ಹೊಣೆಯೂ ಜೊತೆಗೆ ನಡೆಯಬೇಕೆಂಬುದೇ ಇದರ ತಾತ್ಪರ್ಯ.

ಇದು ಬರೀ ಕಾಗದದ ತಕರಾರಲ್ಲ. ಕಂಪನಿಯಲ್ಲಿ 7018 ರಾಡನ್ನು ಒಲೆಯಲ್ಲಿ ಬೆಚ್ಚಗಿಡುತ್ತಾರೆ. ಮುಂಬಯಿಯ ಮಳೆಗಾಲದಲ್ಲಿ ಶೆಡ್ಡಿನ ಮೂಲೆಯಲ್ಲಿ ಬಿದ್ದ ಅದೇ ರಾಡು ತೇವ ಹೀರುತ್ತದೆ. ಬೆಸುಗೆ ಅಂದು ಚೆನ್ನಾಗಿ ಕಂಡು, ಒಂದೆರಡು ದಿನ ಕಳೆದು ಒಳಗೇ ಬಿರುಕು ಬಿಡಬಹುದು. ಆಗ ಎರವಲು ಕಾಗದ ಕೊಟ್ಟವನು ನನಗೆ ಗೊತ್ತಿಲ್ಲವೆನ್ನುತ್ತಾನೆ, ತಂದವನು ಕಾಗದ ಸರಿಯಾಗಿತ್ತೆನ್ನುತ್ತಾನೆ. ಉಳಿಯುವುದು ವೆಲ್ಡರನ ಕೈಯೊಂದೇ. ಬಾಯ್ಲರು ಒಡೆದರೆ ಪ್ರಾಣ ಹೋಗುವುದೂ ಅದರ ಬಳಿ ನಿಂತವನದೇ. 1905ರಲ್ಲಿ ಅಮೆರಿಕದ ಬ್ರಾಕ್‌ಟನ್ ಊರಿನ ಪಾದರಕ್ಷೆಯ ಕಾರ್ಖಾನೆಯಲ್ಲಿ ಬಾಯ್ಲರು ಸಿಡಿದು 58 ಮಂದಿ ಸತ್ತರು. ಬಾಯ್ಲರಿನ ಸಂಹಿತೆ ಹುಟ್ಟಲು ಅಂಥ ಸಾವುಗಳು ಬೇಕಾದವು.

ವೆಲ್ಡರನ ಸ್ವಂತ ಪರೀಕ್ಷೆಯ ಮಾತೂ ಇದೆ. ಯಜಮಾನ ಬದಲಾದರೆ ಹಿಂದಿನವನ ಸರ್ಟಿಫಿಕೇಟು ಸಾಮಾನ್ಯವಾಗಿ ಸಲ್ಲದು. ಆ ಬಗೆಯ ಬೆಸುಗೆಯನ್ನು ಆರು ತಿಂಗಳು ಮಾಡದಿದ್ದರೂ ಅರ್ಹತೆ ಕಳೆಯುತ್ತದೆ. ಮತ್ತೆ ಪರೀಕ್ಷೆ ಕೊಡುವ ದಿನ ಕೂಲಿ ಇಲ್ಲವೆಂದರೆ ಅದು ನ್ಯಾಯವೆ?

ನಮ್ಮ ಬೇಡಿಕೆ ಮೂರು. ಉಪಗುತ್ತಿಗೆದಾರನ ಕಾಗದ ಅವನ ಹೆಸರಿನಲ್ಲೇ ಇದೆಯೆಂದು ಕಂಪನಿಯು ಕೆಲಸಕ್ಕೆ ಮುಂಚೆ ನೋಡಲಿ. ಪರೀಕ್ಷೆಯ ಖರ್ಚೂ ಆ ದಿನದ ಕೂಲಿಯೂ ಕೆಲಸ ಕೊಡುವವನದಾಗಲಿ. ಸರ್ಟಿಫಿಕೇಟಿನ ನಕಲು ವೆಲ್ಡರನ ಕೈಗೆ ಸಿಗಲಿ.

ನಮ್ಮವರ ಕರ್ತವ್ಯ ಒಂದು. ಹಗಲು ಲೋಟ ತೊಳೆದ ಹುಡುಗರು ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಊರು ಇದು. ಆ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಲು ಸಂಘವು ಒಂದು ಭಾನುವಾರವನ್ನು ಮೀಸಲಿಡಲಿ. ಮೇಲೆ ಯಾರ ಹೆಸರಿದೆ, ಕೆಳಗೆ ಯಾರ ಸಹಿ ಇದೆ ಎಂದು ನೋಡಿದ ಮೇಲೆಯೇ ನಮ್ಮ ವೆಲ್ಡರು ಹೋಲ್ಡರು ಹಿಡಿಯಲಿ.