ಸಮುದ್ರದ ಸುದ್ದಿ ಮಲ್ಪೆಗಷ್ಟೇ ಅಲ್ಲ, ಮಾಗಡಿಗೂ ಬೇಕು

ಬಾಪೂಜಿ ನಗರದ ನಮ್ಮ ರೂಮಿನಿಂದ ಸ್ಯಾಟಲೈಟ್ ಬಸ್ ಸ್ಟ್ಯಾಂಡಿಗೆ ನಡೆದೇ ಹೋಗಬಹುದು. ಮೊನ್ನೆ ಅಲ್ಲಿ ಟೀ ಕುಡಿಯುವಾಗ ಮಾಗಡಿ ಕಡೆಯ ಹಿರಿಯರೊಬ್ಬರು ಸಿಕ್ಕಿದ್ದರು. ಸಮುದ್ರದಲ್ಲಿ ಬಿಟ್ಟಿರುವ ಯಂತ್ರಗಳ ಬಗ್ಗೆ ಬರೀತಿದೀನಿ ಅಂದೆ. "ನಮ್ಮೂರ ಕೆರೆ ಹೂಳೆತ್ತೋಕೆ ದುಡ್ಡಿಲ್ಲ ಅಂತಾರೆ. ಸಮುದ್ರಕ್ಕೆ ಸುರಿಯೋಕೆ ಇದೆಯಾ? ನಮಗ್ಯಾಕಪ್ಪಾ ಸಮುದ್ರ?" ಅಂದರು.

ಕೆರೆ ಹೂಳಿನ ಮಾತು ನೂರಕ್ಕೆ ನೂರು ಸರಿ. ಸಮುದ್ರದ ಮಾತು ತಪ್ಪು. ಆದರೆ ನನ್ನ ಸಿಟ್ಟು ಅವರ ಮೇಲಲ್ಲ, ಅವರಿಗೆ ಇಷ್ಟು ವರ್ಷ ಏನೂ ಹೇಳದೇ ಇದ್ದವರ ಮೇಲೆ.

ನಮ್ಮ ಮುಂಗಾರು ಹುಟ್ಟೋದೇ ಸಮುದ್ರದಲ್ಲಿ. ಹಿಂದೂ ಮಹಾಸಾಗರ, ಅರಬ್ಬಿ ಸಮುದ್ರದ ಮೇಲಿಂದ ಬರುವ ಗಾಳಿ ಹೊತ್ತು ತಂದ ನೀರೇ ಘಟ್ಟ ದಾಟಿ ನಮ್ಮ ರಾಗಿ ಹೊಲಕ್ಕೆ ಬೀಳೋದು. ಆ ನೀರು ಎಷ್ಟು ಕಾದಿದೆ ಅನ್ನೋದನ್ನ ಉಪಗ್ರಹ ನೋಡುತ್ತೆ, ಆದರೆ ಮೇಲಿನ ಚರ್ಮ ಮಾತ್ರ. (ಬಸ್ ಸ್ಟ್ಯಾಂಡಿನ ಹೆಸರೂ ಸ್ಯಾಟಲೈಟೇ, ಇರಲಿ.) ಚಂಡಮಾರುತಕ್ಕೆ ಬಲ ಕೊಡೋದು ಚರ್ಮದ ಬಿಸಿಯಷ್ಟೇ ಅಲ್ಲ, ಅದರ ಕೆಳಗಿನ ಬಿಸಿ. ಅದನ್ನ ತಿಳಿಯೋಕೆ ನೀರಿಗೆ ಇಳಿಯಲೇಬೇಕು.

ಇಳಿಯೋದು ಆರ್ಗೋ ಅನ್ನುವ ತೇಲುಯಂತ್ರ. ಆಳುದ್ದದ ಕೊಳವೆ. ಸಾವಿರ ಮೀಟರ್ ಆಳದಲ್ಲಿ ತೇಲಿಕೊಂಡಿದ್ದು, ಹತ್ತು ದಿನಕ್ಕೊಮ್ಮೆ 2000 ಮೀಟರ್‌ಗೆ ಇಳಿದು, ಉಪ್ಪು ಮತ್ತು ಬಿಸಿ ಅಳೆಯುತ್ತಾ ಮೇಲೆ ಬಂದು ಲೆಕ್ಕ ಕಳಿಸುತ್ತೆ. ಲೋಕದ ಸಾಗರಗಳಲ್ಲಿ ಇಂಥವು ಸುಮಾರು 4000 ಇವೆ. ಲಂಗರು ಹಾಕಿ ನಿಲ್ಲಿಸಿದ ಬೋಯ್‌ಗಳು ಬೇರೆ. ನಮ್ಮ ಸಮುದ್ರದ ಬೋಯ್‌ಗಳನ್ನ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ನೋಡಿಕೊಳ್ಳುತ್ತೆ. ಹೈದರಾಬಾದಿನ ಇನ್‌ಕಾಯ್ಸ್ ಮಾಹಿತಿ ಕೂಡಿಸಿ ಅಲೆ, ಮೀನು, ಸುನಾಮಿ ಸೂಚನೆ ಕೊಡುತ್ತೆ. ಮೀನುಗಾರರಿಗೆ ಮೀನಿರುವ ಜಾಗದ ಸೂಚನೆ ಕನ್ನಡದಲ್ಲೇ ಬರುತ್ತೆ. ಅಷ್ಟರ ಮಟ್ಟಿಗೆ ಶಹಬ್ಬಾಸ್.

ನಮ್ಮ ಕಡೆ ರೈತರಿಗೆ?

2023 ನೆನಪು ಮಾಡಿಕೊಳ್ಳಿ. ಪೆಸಿಫಿಕ್ ಸಾಗರ ಕಾಯುತ್ತಿದೆ, ಎಲ್ ನಿನೋ ಬರಬಹುದು ಅಂತ ಏಪ್ರಿಲ್‌ನಲ್ಲೇ ಗೊತ್ತಿತ್ತು. ಆದರೂ ಹಳ್ಳಿಗೆ ಮುಟ್ಟಿದ ಸುದ್ದಿ ಒಂದೇ: ದೇಶಕ್ಕೆ ವಾಡಿಕೆಯ 96 ಪರ್ಸೆಂಟ್ ಮಳೆ, "ಸಾಮಾನ್ಯ". ಜೂನ್‌ನಲ್ಲಿ ಅರಬ್ಬಿ ಸಮುದ್ರದಲ್ಲಿ ಬಿಪರ್‌ಜಾಯ್ ಎದ್ದಿತು, ಮುಂಗಾರು ಕೇರಳ ಮುಟ್ಟಿದ್ದೇ 8ಕ್ಕೆ. ಆಗಸ್ಟ್‌ನಲ್ಲಿ ಆಶ್ಲೇಷ, ಮಘೆ ಎರಡೂ ಕೈಕೊಟ್ಟವು. 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ದೇಶ ಕಂಡಿರಲಿಲ್ಲ. ಕೊನೆಗೆ ದೇಶದ ಸರಾಸರಿ 94 ಬಂತು, ಹೇಳಿದ್ದಕ್ಕೆ ಹತ್ತಿರವೇ. ಕರ್ನಾಟಕದಲ್ಲಿ ಮಾತ್ರ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಸರಾಸರಿ ಇಟ್ಟುಕೊಂಡು ರೈತ ಏನು ಉಪ್ಪಿನಕಾಯಿ ಹಾಕಬೇಕಾ? ಮುಂದಿನ ಬೇಸಿಗೆಗೆ ಬೆಂಗಳೂರಿನ ಬೋರ್‌ವೆಲ್‌ಗಳೂ ಕೈಯೆತ್ತಿದವು, ನಾವೂ ಬಿಂದಿಗೆ ಹಿಡಿದು ಟ್ಯಾಂಕರ್ ಕಾದೆವು.

ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆ ಅಳೆಯುವ ಯಂತ್ರಗಳಿವೆ, ಹೆಮ್ಮೆಯ ವಿಷಯ. ಆದರೆ ಅದು ಬಿದ್ದ ಮಳೆಯ ಲೆಕ್ಕ. ಬರುವ ಮಳೆಯ ಸುಳಿವು ಸಮುದ್ರದಲ್ಲಿದೆ. ಆ ಸುಳಿವು ಪಕ್ಕಾ ಅಲ್ಲ, ಸುಳ್ಳೂ ಆಗಬಹುದು. ಹಾಗಂತಲೇ ಬರೆದು, ಒಂದು ಹಾಳೆ ಕನ್ನಡದಲ್ಲಿ, ಮೇ ತಿಂಗಳಲ್ಲಿ ಪಂಚಾಯಿತಿ ಗೋಡೆಗೆ ಅಂಟಿಸೋಕೆ ಏನು ಕಷ್ಟ? ಬಿತ್ತನೆ ಬೀಜ, ಗೊಬ್ಬರಕ್ಕೆ ಸಾಲ ಎತ್ತುವವನು ಅನುಮಾನವನ್ನೂ ಲೆಕ್ಕ ಹಾಕಬಲ್ಲ. ಅವನಿಗೆ ಅರ್ಥ ಆಗಲ್ಲ ಅನ್ನೋದು ಆಫೀಸಿನವರ ಅಹಂಕಾರ.

ಇನ್ನೊಂದು ದೂರು ಇದೆ: ಬೋಯ್ ಹಾಳು ಮಾಡೋರು ಮೀನುಗಾರರು ಅಂತ. ದೂರು ಸುಳ್ಳಲ್ಲ. ಬೋಯ್ ನೆರಳಿಗೆ ಮೀನು ಸೇರುತ್ತೆ, ಮೀನಿದ್ದಲ್ಲಿಗೆ ದೋಣಿ ಹೋಗುತ್ತೆ, ಬಲೆ ಸಿಕ್ಕಿಕೊಳ್ಳುತ್ತೆ, ಕೆಲವರು ಸೋಲಾರ್ ಪ್ಯಾನೆಲ್ ಬಿಚ್ಚಿದ್ದೂ ಉಂಟು. ಅದಕ್ಕೆ ಮನವಿ ಪತ್ರ ಹಂಚಿದರೆ ಸಾಕಾ? 2017ರ ಓಖಿಯಲ್ಲಿ ಕೇರಳ, ತಮಿಳುನಾಡಿನ ನೂರಾರು ಮೀನುಗಾರರು ಹೋದರು. ಎಚ್ಚರಿಕೆ ಹೊರಡುವಾಗ ಅವರು ನಡುನೀರಲ್ಲಿದ್ದರು, ಮೊಬೈಲ್ ಸಿಗ್ನಲ್ ಅಲ್ಲಿಗೆ ಹೋಗಲ್ಲ. ಉಪಗ್ರಹದಿಂದ ಸಂದೇಶ ಕೊಡುವ ಜೆಮಿನಿ ಸಾಧನ ಬಂದದ್ದು 2019ರಲ್ಲಿ. ತನ್ನ ಜೀವಕ್ಕೆ ಆಗಿಬಂದ ಯಂತ್ರವನ್ನ ಯಾರೂ ಮುರಿಯಲ್ಲ. ಬೋಯ್ ಕಾಯುವ ಕೆಲಸವನ್ನ ಮಲ್ಪೆ, ಕಾರವಾರದ ಮೀನುಗಾರರ ಸಹಕಾರ ಸಂಘಗಳಿಗೇ ಕೊಡಿ, ಕೂಲಿ ಕೊಟ್ಟು.

ಆ ಹಿರಿಯರಿಗೆ ಇಷ್ಟೆಲ್ಲಾ ಹೇಳೋಕೆ ಆಗಲಿಲ್ಲ, ಬಸ್ ಬಂತು. ಹತ್ತುವಾಗ ತಿರುಗಿ, "ಈ ಸಲ ಹೆಂಗಂತೆ ಮಳೆ?" ಅಂತ ಕೇಳಿದರು. ನನ್ನ ಫೋನಲ್ಲಿ ಇದ್ದದ್ದು ಇಂಗ್ಲಿಷಿನ ಒಂದು ನಕ್ಷೆ, ಬಣ್ಣ ಬಣ್ಣದ್ದು.