ಶುಭ ಶುಕ್ರವಾರಕ್ಕೆ ಶುಭಾಶಯ ಬೇಡ

2025ರ ಏಪ್ರಿಲ್ 18ರ ಬೆಳಿಗ್ಗೆ ನಾನೊಂದು ಎಡವಟ್ಟು ಮಾಡಿದೆ. ಟೀಮಿನ ವಾಟ್ಸಾಪ್ ಗುಂಪಿನಲ್ಲಿ "ಹ್ಯಾಪಿ ಗುಡ್ ಫ್ರೈಡೇ" ಅಂತ ಹಾಕಿದೆ, ಜೊತೆಗೊಂದು ಹೂವಿನ ಚಿತ್ರ ಬೇರೆ! ನಮ್ಮಲ್ಲಿ ಅದು ಐಚ್ಛಿಕ ರಜೆ, ಅವತ್ತು ರಾತ್ರಿ ರಿಲೀಸ್ ಇತ್ತು. ಮಂಗಳೂರಿನ ಕೆಥೋಲಿಕ್ ಗೆಳೆಯನಿಗೆ "ರಜೆ ಇದ್ರೂ ಮೂರು ಗಂಟೆಗೆ ಕಾಲ್‌ಗೆ ಬಾರಪ್ಪ" ಅಂದೆ. ಅವನು ಬೈಯಲಿಲ್ಲ. "ಮೂರಕ್ಕೆ ಆಗುದಿಲ್ಲ ಮಾರಾಯ, ಆರಕ್ಕೆ ಬರ್ತೇನೆ" ಅಂದ, ಅಷ್ಟೆ.

ಆ ಮೂರು ಗಂಟೆ ಏನು ಅಂತ ಆಮೇಲೆ ಗೊತ್ತಾಯ್ತು. ಯೇಸು ಶಿಲುಬೆ ಮೇಲೆ ಪ್ರಾಣ ಬಿಟ್ಟ ಹೊತ್ತು. ಅವತ್ತು ಕೆಥೋಲಿಕರಲ್ಲಿ ಬಲಿಪೂಜೆಯೇ ಇಲ್ಲ. ಬಲಿಪೀಠದ ಮೇಲೆ ಬಟ್ಟೆ ಇಲ್ಲ, ಹೂ ಇಲ್ಲ, ಮೇಣದಬತ್ತಿ ಇಲ್ಲ. ಗುರುವಾರ ಸಂಜೆ ನಿಂತ ಗಂಟೆ ಮತ್ತೆ ಬಾರಿಸೋದು ಶನಿವಾರ ರಾತ್ರಿಯೇ. ಪಾದ್ರಿಗಳು ಒಳಗೆ ಬಂದವರೇ ಮಾತಿಲ್ಲದೆ ನೆಲಕ್ಕೆ ಅಡ್ಡ ಬೀಳ್ತಾರೆ. ಯೋಹಾನನ ಸುವಾರ್ತೆಯಿಂದ ಯೇಸುವಿನ ಯಾತನೆಯ ಕತೆ ಓದ್ತಾರೆ, ಆಮೇಲೆ ಜನ ಒಬ್ಬೊಬ್ಬರಾಗಿ ಬಂದು ಶಿಲುಬೆಗೆ ಮುತ್ತಿಡ್ತಾರೆ. 18ರಿಂದ 59 ವಯಸ್ಸಿನವರಿಗೆ ಪೂರ್ತಿ ಊಟ ಒಂದೇ ಹೊತ್ತು. ಇಂಥ ದಿನ ನಾನು ಹೂವಿನ ಚಿತ್ರ ಕಳಿಸಿದ್ದು!

ನಂದು ಬಸವನ ಬಾಗೇವಾಡಿ ಕಡೆಯ ಮಸೂತಿ. ಚರ್ಚಿನ ಒಳಗೆ ಕಾಲಿಟ್ಟದ್ದೇ ಇಂಜಿನಿಯರಿಂಗ್ ಓದಲಿಕ್ಕೆ ಊರು ಬಿಟ್ಟ ಮೇಲೆ. ಆದ್ರೆ ಆ ನೆಪ ಹೇಳೋ ಹಾಗಿಲ್ಲ. ನಮ್ಮ ಕಡೆ ಮೊಹರಂಗೆ ಹಿಂದೂಗಳೂ ಅಲಾಯಿ ದೇವರಿಗೆ ನಡ್ಕೋತಾರೆ, ರಿವಾಯತ್ ಪದಗಳಲ್ಲಿ ಕರ್ಬಲಾದ ಕತೆ ಹಾಡ್ತಾರೆ. 680ರಲ್ಲಿ ಆದ ಒಂದು ಸಾವಿಗೆ ಇವತ್ತೂ ಊರೇ ಸೇರೋದನ್ನ ನೋಡಿ ಬೆಳೆದವನು ನಾನು. ನನಗೆ ಇದು ಹೊಳೀಬೇಕಿತ್ತು.

ಅರ್ಧ ತಪ್ಪು "ಶುಭ" ಅನ್ನೋ ಪದದ್ದೂ ಹೌದು. ಇಂಗ್ಲಿಷಿನ "ಗುಡ್"ಗೆ ಹಿಂದೆ ಪವಿತ್ರ ಅನ್ನೋ ಅರ್ಥವೂ ಇತ್ತು. ಜರ್ಮನರಂತೂ "ಕಾರ್‌ಫ್ರೈಟಾಗ್" ಅಂತಾರೆ, ಅಂದ್ರೆ ಶೋಕದ ಶುಕ್ರವಾರ. ನಾವು ಶುಭ ಅಂದ್ವಿ. ಶುಭ ಕಂಡ ಕೂಡಲೇ ಕೈ ತಾನಾಗೇ ಶುಭಾಶಯ ಕುಟ್ಟತ್ತೆ! "ಪವಿತ್ರ ಶುಕ್ರವಾರ ಅನ್ನೋದೇ ಸರಿ" ಅಂತ ಗೆಳೆಯನ ಹತ್ರ ವಾದಕ್ಕಿಳಿದೆ. ಅವನು ಒಪ್ಪಲಿಲ್ಲ. "ಅದು ಸೋತು ಸತ್ತದ್ದಲ್ಲ, ನಮಗೋಸ್ಕರ ಜೀವ ಕೊಟ್ಟದ್ದು. ಹಾಗಾಗಿ ಶುಭವೇ. ಆದ್ರೆ ಹ್ಯಾಪಿ ಅಲ್ಲ. ಹ್ಯಾಪಿಗೆ ಭಾನುವಾರ ಈಸ್ಟರ್ ಉಂಟಲ್ಲ?" ಅಂದ. ಪದ ತಿದ್ದೋ ನನ್ನ ಹುರುಪು ಅಲ್ಲಿಗೇ ಇಳೀತು. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲದೆಯೂ ಯೇಸುವಿನ ಕೊನೇ ದಿನದ ಮೇಲೆ "ಗೊಲ್ಗೊಥಾ" ಬರೆದದ್ದು ಯಾಕಿರಬಹುದು ಅಂತಲೂ ಆಗ ಸ್ವಲ್ಪ ಅರ್ಥವಾಯ್ತು.

2015ರಲ್ಲಿ ಗುಡ್ ಫ್ರೈಡೇ ದಿನವೇ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಗಳ ಸಮ್ಮೇಳನ ಇಟ್ಟಿದ್ದರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕುರಿಯನ್ ಜೋಸೆಫ್ ಪತ್ರ ಬರೆದು ಆಕ್ಷೇಪಿಸಿದ್ದರು. ಆಗ ನನಗದು ಅತಿ ಅನ್ನಿಸಿತ್ತು. ಈಗ ಅನ್ನಿಸಲ್ಲ. ದೀಪಾವಳಿ ದಿನ ಮೂರು ಗಂಟೆಗೆ ಕಾಲ್ ಇಡೋ ಧೈರ್ಯ ನನಗಂತೂ ಇಲ್ಲ.

ಮುಂದಿನ ರಿಲೀಸ್ ಕ್ಯಾಲೆಂಡರ್ ಮಾಡುವಾಗ ಆ ಶುಕ್ರವಾರ ಖಾಲಿ ಬಿಡೋಣ ಅಂದೆ. "ಒಬ್ಬನಿಗೋಸ್ಕರನಾ?" ಅಂತ ಮ್ಯಾನೇಜರ್ ಕೇಳಿದ್ರು. ಹೌದು ಅಂದೆ.