ಮೊದಲ ಸುತ್ತಿನಲ್ಲೇ ಸೋತ ಎರಡನೆಯವರು

2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಭಾಗವಾಯಿತು. ಕೋಲಾರದ ಟಮಕದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಆರಂಭವಾಗಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಾಲೇಜುಗಳೂ ಅದರ ವ್ಯಾಪ್ತಿಗೆ ಬಂದವು. ಗುಂಪು ಬದಲಾದರೆ ಫುಟ್‌ಬಾಲಿನಲ್ಲಿ ಎದುರಾಳಿಗಳೂ ಬದಲು. ಹಳೆಯ ಸ್ಥಾನಪಟ್ಟಿ ನಡೆಯದು. ಹಾಗಾದರೆ ಹೊಸ ಪಟ್ಟಿ ಮಾಡುವುದು ಹೇಗೆ?

ಎಂಟು ತಂಡಗಳಿವೆ, ಬಲಶಾಲಿ ತಂಡವೇ ಯಾವಾಗಲೂ ಗೆಲ್ಲುತ್ತದೆ ಎನ್ನೋಣ. ನಾಕ್‌ಔಟ್ ಆದರೆ 7 ಪಂದ್ಯ ಸಾಕು. ಮೊದಲ ಸ್ಥಾನ ಸರಿಯಾಗಿಯೇ ಸಿಗುತ್ತದೆ. ಆದರೆ ಎರಡನೆಯ ಬಲಶಾಲಿ ತಂಡ ಚೀಟಿಯಲ್ಲಿ ಮೊದಲನೆಯದರ ಅರ್ಧಕ್ಕೇ ಬೀಳುವ ಸಂಭವ ಏಳರಲ್ಲಿ ಮೂರು. ಆಗ ಅದು ಫೈನಲ್ ತಲುಪುವುದೇ ಇಲ್ಲ. 'ಆಲಿಸ್' ಕಥೆಯ ಕರ್ತೃ, ಗಣಿತಜ್ಞ ಲೂಯಿಸ್ ಕ್ಯಾರಲ್ 1883ರಲ್ಲೇ ಟೆನಿಸ್ ಪಂದ್ಯಗಳ ಈ ಅನ್ಯಾಯವನ್ನು ಲೆಕ್ಕ ಹಾಕಿ ತೋರಿಸಿದ್ದ.

ಎಲ್ಲರೂ ಎಲ್ಲರೊಡನೆ ಆಡಿದರೆ 28 ಪಂದ್ಯ ಬೇಕು. ನಡುವಿನ ದಾರಿಯೂ ಇದೆ. ನಾಲ್ಕು ನಾಲ್ಕರ ಎರಡು ಗುಂಪು ಮಾಡಿ, ಪ್ರತಿ ಗುಂಪಿನ ಮೊದಲನೆಯವರನ್ನು ಇನ್ನೊಂದರ ಎರಡನೆಯವರೊಡನೆ ಸೆಮಿಫೈನಲ್ ಆಡಿಸಬೇಕು. ಒಟ್ಟು 15 ಪಂದ್ಯದಲ್ಲಿ ಮೊದಲೆರಡು ಸ್ಥಾನಗಳೂ ಸರಿಯಾಗುತ್ತವೆ. ವಿದ್ಯಾರ್ಥಿಗಳು ಕಾಗದದ ಮೇಲೆ ಪರೀಕ್ಷಿಸಿ ನೋಡಬಹುದು.

ಎದುರಾಳಿಯ ಬಲವನ್ನೂ ತೂಗಬೇಕು. 2018ರಿಂದ ಫಿಫಾ ಪಟ್ಟಿಯಲ್ಲಿ ಬಲಿಷ್ಠರನ್ನು ಸೋಲಿಸಿದವರಿಗೆ ಹೆಚ್ಚು ಅಂಕ. ಮಗ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಬಂದರೆ, ಪೋಷಕರು ಮೊದಲು ಕೇಳಬೇಕಾದ್ದು 'ಯಾರ ಎದುರು?' ಎಂದು.